ಆಷಾಢದ ಗಾಳಿಗೆ ಮಕ್ಕಳನ್ನು ಕರೆತರುವ ಮಗಳಿಗೆ

ದೊಡ್ಡಬಳ್ಳಾಪುರ

ಚಿರಂಜೀವಿ ಸೌಭಾಗ್ಯವತಿ ಮಗಳಿಗೆ ನಿನ್ನ ತಂದೆ ಮಾಡುವ ಆಶೀರ್ವಾದಗಳು.

ಬರುವ ಭಾನುವಾರ ಮಕ್ಕಳಿಬ್ಬರನ್ನೂ ಗಾಳಿಪಟ ಹಾರಿಸಲು ಊರಿಗೆ ಕರೆತರುವುದಾಗಿ ನೀನು ಫೋನಿನಲ್ಲಿ ಹೇಳಿದಾಗಿನಿಂದ ನನಗೆ ಬೇರೆ ಕೆಲಸ ಹತ್ತುತ್ತಿಲ್ಲ. ಆಗ ಹೇಳಲಾಗದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಗುಜರಾತಿನವರು ಸಂಕ್ರಾಂತಿಗೆ ಹಾರಿಸುವ ಪಟವನ್ನು ನಾವು ಆಷಾಢದಲ್ಲಿ ಹಾರಿಸುವುದೇಕೆಂದು ದೊಡ್ಡವಳು ಕೇಳಿದ್ದಳು. ನೈಋತ್ಯ ಮುಂಗಾರಿನ ಗಾಳಿ ಪಶ್ಚಿಮಘಟ್ಟವನ್ನು ಹತ್ತುವಾಗ ತನ್ನ ನೀರನ್ನು ಬಹುಪಾಲು ಕರಾವಳಿಯಲ್ಲೂ ಮಲೆನಾಡಿನಲ್ಲೂ ಸುರಿಸಿ, ಹೊರೆ ಇಳಿಸಿದ ಎತ್ತಿನಂತೆ ಬಯಲುಸೀಮೆಯತ್ತ ಬರುತ್ತದೆಂದು ಅವಳಿಗೆ ಹೇಳು. ಹಾಗಾಗಿಯೇ ಜೂನ್, ಜುಲೈ ತಿಂಗಳುಗಳಲ್ಲಿ ನಮ್ಮ ಕಡೆ ಮಳೆ ತುಂತುರಾಗಿದ್ದರೂ ಗಾಳಿ ಮಾತ್ರ ಬಿಡದೆ ಬೀಸುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವುದೂ ಇದೇ ಗಾಳಿ. ಸಂಜೆ ನಾಲ್ಕರ ಹೊತ್ತಿಗೆ ಈ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಪಟ ಈಶಾನ್ಯಕ್ಕೆ ಏರುತ್ತದೆ, ಸೂರ್ಯ ಹಿಂದೆ ಉಳಿಯುತ್ತಾನೆ, ಮಕ್ಕಳ ಕಣ್ಣು ಕುಕ್ಕುವುದಿಲ್ಲ.

ತಾರಸಿಯ ಮೇಲೆ ಬೇಡ. ಪಟವನ್ನು ನೋಡುತ್ತಾ ಹಿಂದೆ ಸರಿಯುವ ಮಗುವಿಗೆ ಅಂಚಿನ ಅರಿವಿರುವುದಿಲ್ಲ. ಮರವೂ ವಿದ್ಯುತ್ ತಂತಿಯೂ ಇಲ್ಲದ ಹೊಲದ ಬಯಲೊಂದನ್ನು ಮೊನ್ನೆಯೇ ನೋಡಿ ಬಂದಿದ್ದೇನೆ. ದಾರವೂ ಬರಿಯ ಹತ್ತಿಯದು. ಮಾಂಜಾ ಎನ್ನುವ ಹರಿತವಾದ ನೈಲಾನ್ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶದಾದ್ಯಂತ ನಿಷೇಧಿಸಿದ್ದರೂ ಅದು ಹಕ್ಕಿಗಳ ರೆಕ್ಕೆಯನ್ನೂ ಬೈಕ್ ಸವಾರರ ಕೊರಳನ್ನೂ ಇನ್ನೂ ಕೊಯ್ಯುತ್ತಲೇ ಇದೆ. ಯಾರಾದರೂ ಪ್ರೀತಿಯಿಂದ ತಂದುಕೊಟ್ಟರೂ ಮುಟ್ಟಬೇಡ.

ಇನ್ನು ನನ್ನ ಮನಸ್ಸಿನಲ್ಲಿರುವ ಮಾತು. ನಿನಗೆ ಐದು ವರ್ಷವಾಗಿದ್ದಾಗ ಇಂಥದೇ ಒಂದು ಆಷಾಢದಲ್ಲಿ ನಿನ್ನನ್ನು ಬಯಲಿಗೆ ಕರೆದೊಯ್ದಿದ್ದೆ. ಪಟ ಎರಡಾಳೆತ್ತರಕ್ಕೆ ಏರಿ ಗೋತಾ ಹೊಡೆಯಿತು. ನಿನಗೆ ಬರುವುದಿಲ್ಲವೆಂದು ನಾನು ದಾರವನ್ನು ಕಿತ್ತುಕೊಂಡೆ. ದಾರ ಸಡಿಲಿಸಿ ಡೀಲು ಬಿಡುತ್ತಾ ಬಿಡುತ್ತಾ ಪಟ ಚುಕ್ಕಿಯಷ್ಟಾಗುವವರೆಗೆ ಏರಿಸಿ, ಹೆಮ್ಮೆಯಿಂದ ತಿರುಗಿ ನೋಡಿದರೆ ನೀನು ಬದುವಿನ ಮೇಲೆ ಕುಳಿತು ಹುಲ್ಲು ಕೀಳುತ್ತಿದ್ದೆ. ಅಳಲಿಲ್ಲ, ಕೇಳಲೂ ಇಲ್ಲ. ಆ ವರ್ಷ ನೀನು ಮತ್ತೆ ಪಟದ ಮಾತೆತ್ತಲಿಲ್ಲ. ಅದನ್ನು ನಾನು ಇಂದಿಗೂ ಮರೆತಿಲ್ಲ, ಮಗಳೇ.

ಆದ್ದರಿಂದ ಭಾನುವಾರ ಪಟ ಎಷ್ಟು ಮೇಲೇರಿತೆಂದು ಯಾರೂ ಅಳೆಯುವುದು ಬೇಡ. ಮಕ್ಕಳು ಪಟ ಹಿಡಿದು ಓಡಬೇಕಾಗಿಯೂ ಇಲ್ಲ. ಐವತ್ತು ಅಡಿ ದೂರದಲ್ಲಿ ನಾನು ಪಟವನ್ನು ಎತ್ತಿ ಹಿಡಿಯುತ್ತೇನೆ. ಗಾಳಿ ತುಂಬಿದೊಡನೆ ಬಿಡುತ್ತೇನೆ, ದೊಡ್ಡವಳು ನಿಂತಲ್ಲೇ ದಾರವನ್ನು ಜಗ್ಗಲಿ. ದಾರ ಬಿಗಿಯಾಗಿ ಕೈಯನ್ನು ಎಳೆಯುವ ಆ ಮೊದಲ ಗಳಿಗೆ ಅವಳದೇ ಆಗಿರಬೇಕು. ನಾಲ್ಕು ವರ್ಷದ ಚಿಕ್ಕವನಿಗೆ ಇಪ್ಪತ್ತು ಅಡಿ ದಾರ ಸಾಕು, ಅದರ ತುದಿಯನ್ನು ಅವನ ಕೈಗೆ ಸುತ್ತದೆ ಒಂದು ಮರದ ತುಂಡಿಗೆ ಕಟ್ಟಿಕೊಡು. ಬಿದ್ದರೆ ಬೀಳಲಿ, ಹರಿದರೆ ಅಂಟಿಸೋಣ, ಅದಕ್ಕೆಂದು ಅನ್ನದ ಅಗುಳನ್ನೂ ಹಳೆಯ ಪತ್ರಿಕೆಯನ್ನೂ ಜೊತೆಗೆ ಒಯ್ಯೋಣ.

ಬಿದಿರಿನ ಕಡ್ಡಿಗಳನ್ನು ಹೆರೆದು, ಬಿಲ್ಲಿನ ಕಡ್ಡಿಯನ್ನು ಬೆರಳಿನ ಮೇಲಿಟ್ಟು ಎರಡು ತುದಿಯೂ ಸಮತೂಗುವವರೆಗೆ ತಿದ್ದಿದ್ದೇನೆ. ಒಂದು ಕಡೆ ಗುಂಜಿಯಷ್ಟು ಭಾರ ಹೆಚ್ಚಾದರೂ ಪಟ ಅತ್ತಲೇ ವಾಲುತ್ತದೆ. ಕಾಗದ ಅಂಟಿಸಿ, ಹಾರಿಸುವ ದಾರವನ್ನು ಸೇರಿಸಲು ಸೂತ್ರ ಕಟ್ಟಿ, ಎರಡು ಪಟಗಳನ್ನು ಗೋಡೆಗೆ ಒರಗಿಸಿಟ್ಟಿದ್ದೇನೆ. ಬಾಲಂಗೋಚಿಯನ್ನು ಮಾತ್ರ ಕಟ್ಟಿಲ್ಲ. ಪಟ ಗಿರಗಿರನೆ ಸುತ್ತಿದರೆ ಅದನ್ನು ಉದ್ದ ಮಾಡಬೇಕು, ಮೇಲೇಳದಿದ್ದರೆ ಗಿಡ್ಡ ಮಾಡಬೇಕು. ಆ ಕೆಲಸವನ್ನು ಮಕ್ಕಳೇ ಮಾಡಿ ನೋಡಲಿ. ಹೊರಡುವಾಗ ಬಾಲಂಗೋಚಿಗೆಂದು ನಿನ್ನದೊಂದು ಹಳೆಯ ಹತ್ತಿ ಸೀರೆಯನ್ನು ಚೀಲಕ್ಕೆ ಹಾಕಿಕೊಂಡು ಬಾ.

ನಿನ್ನ ಪ್ರೀತಿಯ
ಅಪ್ಪ