ಮದ್ದಿನ ಮಾತು ಕನ್ನಡದಲ್ಲಿ ಹೇಳಿಸಿ: ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವಳು. ನನ್ನ ತಮ್ಮನಿಗೆ ಖಿನ್ನತೆ. ಎರಡು ವರ್ಷದಿಂದ ಅವನನ್ನು ಕರಕೊಂಡು ಆಸ್ಪತ್ರೆಗೆ ಅಲೆಯುತ್ತಿದ್ದೇನೆ. ಎರಡು ವರ್ಷದಿಂದ ಕೇಳುತ್ತಿರುವುದು ಒಂದೇ. ನಮಗೆ ಕನ್ನಡದಲ್ಲಿ ಹೇಳಿ, ಕನ್ನಡದಲ್ಲಿ ಬರೆದು ಕೊಡಿ.

ಮಾತ್ರೆ ಶುರುಮಾಡಿ ಮೂರು ತಿಂಗಳಿಗೆ ತಮ್ಮ ಮತ್ತೆ ತೋಟಕ್ಕೆ ಇಳಿದ. ಅಡಿಕೆ ಹೆಕ್ಕಲು ಅವನಾಗಿಯೇ ಬುಟ್ಟಿ ಹಿಡಿದು ಹೊರಟ ದಿನ ಅಮ್ಮ ಅತ್ತಿದ್ದರು. ಆಮೇಲೆ ಪುಡಿ ಮಾರುವವನೊಬ್ಬ ಮನೆಗೆ ಬಂದ. "ಇದು ಗಿಡಮೂಲಿಕೆ, ಏನೂ ಆಗುವುದಿಲ್ಲ, ಇಂಗ್ಲಿಷ್ ಮದ್ದು ಬಿಡಿ" ಅಂದ. ಪೊಟ್ಟಣದ ಮೇಲೆ ಒಂದಕ್ಷರ ಇರಲಿಲ್ಲ. ತಮ್ಮ ಮಾತ್ರೆಯನ್ನು ಒಮ್ಮೆಗೇ ಬಿಟ್ಟ. ಹಾಗೆ ಬಿಡಬಾರದು ಅಂತ ನಮಗೆ ಗೊತ್ತಿರಲಿಲ್ಲ. ಅದನ್ನು ತಿಳಿಸುವ ಚೀಟಿ ಮಲಯಾಳಂನಲ್ಲಿತ್ತು. ನಾಲ್ಕನೇ ದಿನಕ್ಕೆ ತಲೆಸುತ್ತು, ಕೈ ನಡುಕ, ನಿದ್ದೆಯೇ ಇಲ್ಲ. ರಾತ್ರಿ ಹನ್ನೊಂದಕ್ಕೆ ಜೀಪು ಮಾಡಿಕೊಂಡು ಆಸ್ಪತ್ರೆಗೆ ಓಡಿದೆವು.

ನಾನು ಒ.ಪಿ. ಚೀಟಿಗೆ ಸಾಲಿನಲ್ಲಿ ನಿಂತಿದ್ದೆ. ಒಳಗೆ ಡಾಕ್ಟರು, ಬೇರೆ ಮದ್ದು ಏನಾದರೂ ಉಂಟಾ ಅಂತ ಮಲಯಾಳಂನಲ್ಲಿ ಕೇಳಿದರು. ಅಮ್ಮನಿಗೆ ಅರ್ಧ ಅರ್ಥವಾಯಿತು. "ಬ್ರಾಹ್ಮಿ" ಅಂದರು. ಅಮ್ಮ ಹೇಳಿದ್ದು ಹಿತ್ತಿಲಿನ ಒಂದೆಲಗ, ತುಳುವಿನ ತಿಮರೆ. ಕೇರಳದಲ್ಲಿ ಬ್ರಾಹ್ಮಿ ಅಂದರೆ ನೀರುಬ್ರಾಹ್ಮಿ, ಅದು ಬೇರೆಯೇ ಗಿಡ. ಡಾಕ್ಟರು ನೀರುಬ್ರಾಹ್ಮಿ ಅಂತಲೇ ಬರೆದುಕೊಂಡರು. ಪುಡಿಯ ಸುದ್ದಿ ಬರಲೇ ಇಲ್ಲ. ಮತ್ತೆ ಶುರುವಾದ ಮಾತ್ರೆ, ಪುಡಿ ಎರಡೂ ಮೂರು ದಿನ ಒಟ್ಟಿಗೆ ತಮ್ಮನ ಹೊಟ್ಟೆಗೆ ಹೋದವು. "ಮೊದಲೇ ಹೇಳಬಾರದಿತ್ತಾ?" ಅಂತ ಆಮೇಲೆ ಡಾಕ್ಟರು ನಮಗೇ ಗದರಿದರು. ಯಾವ ಭಾಷೆಯಲ್ಲಿ ಹೇಳಬೇಕಿತ್ತು, ಶಾಸಕರೇ?

ನಾನು ಮೂಲಿಕೆಗೆ ವಿರೋಧ ಅಲ್ಲ. ತಂಬುಳಿ ಉಂಡೇ ಬೆಳೆದವಳು. ಸೈಂಟ್ ಜಾನ್ಸ್ ವರ್ಟ್ ಎಂಬ ವಿದೇಶಿ ಗಿಡ ಜೋರಿಲ್ಲದ ಖಿನ್ನತೆಗೆ ಉಪಯೋಗ ಅಂತ ಪರೀಕ್ಷೆಗಳಲ್ಲೇ ಕಂಡಿದೆ. ಆದರೆ ಅದೇ ಗಿಡ ಖಿನ್ನತೆಯ ಮಾತ್ರೆ ಜತೆ ಸೇರಿದರೆ ಮೆದುಳಿನಲ್ಲಿ ಕೆಲಸ ಮಾಡುವ ಸೆರೊಟೋನಿನ್ ಎಂಬ ರಾಸಾಯನಿಕ ಮಿತಿ ಮೀರಿ ಜೀವಕ್ಕೇ ಅಪಾಯ ಆಗಬಹುದು. ರಕ್ತ ತೆಳು ಮಾಡುವ ವಾರ್ಫರಿನ್, ಗರ್ಭನಿರೋಧಕ ಮಾತ್ರೆಗಳ ಬಲವನ್ನೂ ಅದು ಕುಗ್ಗಿಸುತ್ತದೆ. ನಮ್ಮ ಅಶ್ವಗಂಧವೂ ಸುಮ್ನೆ ತಿನ್ನುವಂಥದ್ದಲ್ಲ. ಥೈರಾಯ್ಡ್ ಮದ್ದು ತಗೊಳ್ಳುವವರು ಜಾಗ್ರತೆ ಮಾಡಬೇಕು, ಕೆಲವರಿಗೆ ಲಿವರಿಗೂ ಪೆಟ್ಟಾಗಿದೆ. ಇಷ್ಟನ್ನು ಒಂದು ಕಾಗದದಲ್ಲಿ ಕನ್ನಡದಲ್ಲಿ ಅಚ್ಚು ಹಾಕಿ ಕೊಡಲು ಎಷ್ಟು ಖರ್ಚಾಗುತ್ತದೆ?

ನಿಯಮ ನಿಮಗೆ ಗೊತ್ತೇ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ವಿವರ, ಅಡ್ಡಪರಿಣಾಮ ಎಲ್ಲವನ್ನೂ ಅರ್ಥವಾಗುವ ಭಾಷೆಯಲ್ಲೇ ತಿಳಿಸಬೇಕು ಅನ್ನುತ್ತದೆ. 1969ರ ಕೇರಳ ಆಡಳಿತ ಭಾಷಾ ಕಾಯ್ದೆಯಲ್ಲಿ ಕನ್ನಡಿಗರ ಹಕ್ಕು ಬರೆದಿಟ್ಟಿದೆ. ಹೊಸ ಕಾನೂನು ಕೇಳುತ್ತಿಲ್ಲ ನಾನು. ಮನಸ್ಸಿನ ಕಾಯಿಲೆ ನೋಡುವಲ್ಲಿ ಕನ್ನಡ ಬರುವ ಒಬ್ಬರನ್ನು ಕೂರಿಸಿ. ಕಷಾಯ, ಪುಡಿ, ಲೇಹ ಏನು ತಗೊಳ್ತೀರಿ ಅಂತ ಅವರು ಕನ್ನಡದಲ್ಲಿ ಕೇಳಲಿ. ಚೀಟಿಯನ್ನೂ ಕನ್ನಡದಲ್ಲೇ ಕೊಡಲಿ.

ಮುಂದಿನ ತಿಂಗಳು ತಮ್ಮನನ್ನು ಮತ್ತೆ ಕರಕೊಂಡು ಹೋಗಬೇಕು. ಅಷ್ಟರೊಳಗೆ ಇದನ್ನು ಮಾಡಿಸಿ. ಅಮ್ಮನ ಕೈಗೆ ಅವರು ಓದಬಹುದಾದ ಚೀಟಿ ಕೊಡಿಸಿ.

ಇತಿ,
ನಿಮ್ಮ ಕ್ಷೇತ್ರದ ಒಬ್ಬಳು ಅಕ್ಕ