ಭುಜ ನೋಯ್ತಿದೆ ಅಂದಿದ್ದೆ ನೀನು

ಪುಟ್ಟಿ,

ಇದನ್ನು ನಿನ್ನ ಕೈಗೇ ಕೊಡುವ ಧೈರ್ಯ ಇಲ್ಲ. ನಿನ್ನ ಸಾಫ್ಟ್‌ಬಾಲ್ ಗ್ಲೋವ್ ಒಳಗೆ ಮಡಚಿ ಇಡುತ್ತೇನೆ. ಒಹಾಯೋದ ಕಾಲೇಜು ತಲುಪಿ ಬ್ಯಾಗ್ ಬಿಚ್ಚಿದಾಗ ಸಿಗುತ್ತದೆ. ಬೇಕೆಂದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಯಾಕೆ ಅಂತ ಮುಂದೆ ಹೇಳುತ್ತೇನೆ. ಭಾನುವಾರದ ಕನ್ನಡ ತರಗತಿಯಲ್ಲಿ ಕಲಿತದ್ದು ಮರೆತಿರಲ್ಲ ಅಂದುಕೊಂಡಿದ್ದೇನೆ. ನಿಧಾನವಾಗಿ ಓದು. ಒತ್ತಕ್ಷರ ಕೈಕೊಟ್ಟರೆ ಫೋಟೋ ತೆಗೆದು ಅಮ್ಮನಿಗೆ ಕಳಿಸು, ಅವಳು ಓದಿ ಹೇಳುತ್ತಾಳೆ. ಅವಳಿಗೆ ಎಲ್ಲ ಗೊತ್ತು.

ಮೊನ್ನೆ ರಾತ್ರಿ ನಿನ್ನ ಬ್ಯಾಗ್ ತೆಗೆದು ನೋಡಿದ್ದು ತಪ್ಪು. ಕೇಳದೆ ಮುಟ್ಟಬಾರದಿತ್ತು. ಕ್ಲೀಟ್ಸ್ ಶೂ ಒಣಗಿದೆಯಾ ನೋಡೋಣ ಅಂತ ಪಕ್ಕದ ಜಿಪ್ ಎಳೆದೆ, ನೋವಿನ ಮಾತ್ರೆ ಐಬುಪ್ರೊಫೆನ್ ಡಬ್ಬಿ ಸಿಕ್ಕಿತು. ದೊಡ್ಡ ಡಬ್ಬಿ, ತಳದಲ್ಲಿ ಹತ್ತೋ ಹನ್ನೆರಡೋ ಮಾತ್ರೆ ಉಳಿದಿದ್ದವು. ನಾನು ಕೂಗಾಡಿಬಿಟ್ಟೆ. ಯಾವಾಗಿಂದ, ದಿನಕ್ಕೆ ಎಷ್ಟು, ಯಾರು ಹೇಳಿದರು ಅಂತ. ನೀನು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿ ಬಾಗಿಲು ಹಾಕಿಕೊಂಡೆ. 'ನೋವಿದ್ದರೂ ಹೇಳಬಾರದು ಅಂತ ನೀನೇ ಅಲ್ವಾ ಅಪ್ಪ ಕಲಿಸಿದ್ದು?'

ಹಾಗಂತ ನಾನು ಯಾವತ್ತೂ ಹೇಳಿಲ್ಲ ಅಂತ ಅಮ್ಮನ ಹತ್ತಿರ ವಾದಕ್ಕೆ ನಿಂತೆ. ಅವಳು 'ಮಂಟೀಕಾ' ಅಂದಳು. ಅಷ್ಟೇ ಅಂದಳು, ಎದ್ದು ಹೋದಳು.

ಮಂಟೀಕಾಗೆ ಟೂರ್ನಮೆಂಟ್ ಆಡಲು ಹೋದಾಗ ನಿನಗೆ ಹದಿಮೂರು. ಅದೇ ವರ್ಷ ನೀನು ಚೆಂಡು ಎಸೆಯುವ ದೂರ ನಲವತ್ತು ಅಡಿಯಿಂದ ನಲವತ್ಮೂರು ಅಡಿಗೆ ಹೋಗಿತ್ತು. ಮೂರೇ ಅಡಿ ಅಲ್ವಾ ಅಂತ ನಾವೆಲ್ಲ ಅಂದುಕೊಂಡಿದ್ದೆವು, ಆದರೆ ಆ ಮೂರು ಅಡಿಗೆ ನೀನು ಮೈಯೆಲ್ಲ ಬಳಸಿ ಎಸೆಯಬೇಕಾಗಿತ್ತು. ಜುಲೈ ತಿಂಗಳು. ಬೆಳಿಗ್ಗೆ ಐದಕ್ಕೇ ಹೊರಟಿದ್ದೆವು. ಆಲ್ಟಮಾಂಟ್ ಗುಡ್ಡ ಹತ್ತುವಾಗ ಗಾಳಿಯಂತ್ರ ನೋಡಿ ನೀನು ಯಾವಾಗಲೂ 'ನನ್ನ ಥರಾನೇ ಪಿಚ್ ಮಾಡ್ತಿವೆ' ಅನ್ನುತ್ತಿದ್ದೆ. ಅವತ್ತು ಅನ್ನಲಿಲ್ಲ. ಕಿಟಕಿಗೆ ತಲೆ ಕೊಟ್ಟು ಮಲಗಿದ್ದೆ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು. ಕನ್ನಡಿಯಲ್ಲಿ ಅದನ್ನು ನೋಡಿದೆ. ನೋಡಿಯೂ ಗಾಡಿ ಓಡಿಸಿದೆ.

ಶನಿವಾರ ಎರಡು ಪಂದ್ಯ, ಭಾನುವಾರ ಎರಡು. ನನ್ನ ಕೈಯಲ್ಲಿ ಆ ಬೆಳ್ಳಿ ಬಣ್ಣದ ಕ್ಲಿಕ್ಕರ್ ಇತ್ತು, ನೆನಪಿದೆಯಾ, ಒಂದೊಂದು ಎಸೆತಕ್ಕೆ ಒಂದು ಸಲ ಒತ್ತುವುದು. ಕೊನೇ ಪಂದ್ಯದ ನಾಲ್ಕನೇ ಇನಿಂಗ್ಸ್ ಮುಗಿದಾಗ ಅದರಲ್ಲಿ 287 ಅಂತ ಇತ್ತು. ಎರಡು ದಿನಕ್ಕೆ 287. ಬೇರೆ ಅಪ್ಪಂದಿರಿಗೆ ಲೆಕ್ಕ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ನೀನು ಆಟಗಾರರು ಕೂರುವ ಡಗೌಟ್ ದಾಟಿ ಜಾಲರಿ ಹತ್ತಿರ ಬಂದೆ. ನೀರು ಕುಡಿಯುವ ನೆಪ. ಬಾಟಲಿಯನ್ನು ಎಡಗೈಯಲ್ಲಿ ಎತ್ತಿದೆ. ಕೋಚ್‌ಗೆ ಗೊತ್ತಾಗದಿರಲಿ ಅಂತ ಕನ್ನಡದಲ್ಲಿ ಹೇಳಿದೆ, 'ಅಪ್ಪ, ಭುಜ ನೋಯ್ತಿದೆ.' ಮುಂದುಗಡೆ ಬೆರಳಿಟ್ಟು ತೋರಿಸಿದೆ. ಆ ಜಾಲರಿಯಲ್ಲಿ ನಿನ್ನ ಬೆರಳು ಸಿಕ್ಕಿಸಿಕೊಂಡು ನಿಂತಿದ್ದೆ, ಉಗುರಲ್ಲೆಲ್ಲ ಕೆಂಪು ಮಣ್ಣು.

ನಿಮ್ಮ ತಂಡದಲ್ಲಿ ಆ ಭಾಷೆ ಗೊತ್ತಿದ್ದವನು ನಾನೊಬ್ಬನೇ. ನೀನು ನನಗೆ ಮಾತ್ರ ಹೇಳಿದ್ದು.

ನಾನು 'ಇನ್ನೊಂದೇ ಇನಿಂಗ್ಸ್ ಕಂದ, ಆಮೇಲೆ ಐಸ್ ಹಚ್ಚೋಣ' ಅಂದೆ.

ಬ್ಯಾಕ್‌ಸ್ಟಾಪ್ ಜಾಲರಿ ಹಿಂದೆ ಒಬ್ಬರು ಎಸೆತದ ವೇಗ ಅಳೆಯುವ ರೇಡಾರ್ ಗನ್ ಹಿಡಿದು ನಿಂತಿದ್ದರು. ಯಾವುದೋ ಕಾಲೇಜಿನವರು ಇರಬೇಕು, ನಿನ್ನನ್ನು ನೋಡಲಿ ಅಂತ ನನಗೆ ಆಸೆ. ಅವರು ಎದುರು ತಂಡದ ಹುಡುಗಿಯ ಅಪ್ಪ ಅಂತ ಪಾರ್ಕಿಂಗ್‌ನಲ್ಲಿ ಗೊತ್ತಾಯಿತು. ಇಷ್ಟು ವರ್ಷ ಇದನ್ನು ನಿನಗೆ ಹೇಳಿರಲಿಲ್ಲ. ಕಾಲೇಜಿನವರೇ ಆಗಿದ್ದರೂ ನಾನು ಮಾಡಿದ್ದು ಸರಿಯಾಗುತ್ತಿರಲಿಲ್ಲ, ಅದು ಬೇರೆ ಮಾತು.

ಆಮೇಲಿನ ನಾಲ್ಕು ತಿಂಗಳು ನಿನಗೂ ಗೊತ್ತು, ನನಗೂ ಗೊತ್ತು. ಅದು ಬೇಡ.

ಕೆಳಗಿಂದ ಎಸೆಯುವುದು ಕೈಗೆ ಸಹಜ, ಅದರಿಂದ ಏನೂ ಆಗಲ್ಲ ಅಂತ ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ. ನೀನು ಮನೆಯಲ್ಲಿ ಕೂತಿದ್ದಾಗ ರಾತ್ರಿ ಕೂತು ಓದಿದೆ. ನೀನು ಕೈ ಸುತ್ತಿಸಿ ಎಸೆಯುವ ವಿಂಡ್‌ಮಿಲ್ ಎಸೆತದಲ್ಲಿ ಭುಜದ ಮೇಲೆ ಬೀಳುವ ಭಾರ ಮೇಲಿಂದ ಎಸೆಯುವ ಬೇಸ್‌ಬಾಲ್ ಹುಡುಗರಿಗಿಂತ ತುಂಬ ಕಡಿಮೆಯೇನಲ್ಲವಂತೆ. ಹೈಸ್ಕೂಲ್ ಹುಡುಗರಿಗೆ 2017ರಿಂದ ಹೆಚ್ಚುಕಡಿಮೆ ಎಲ್ಲ ರಾಜ್ಯದಲ್ಲೂ ಎಸೆತದ ಲೆಕ್ಕ ಕಡ್ಡಾಯ, ಇಷ್ಟು ಎಸೆದರೆ ಇಷ್ಟು ದಿನ ರಜೆ ಅಂತ. ಹುಡುಗಿಯರ ಸಾಫ್ಟ್‌ಬಾಲ್‌ಗೆ ಅಂಥ ಕಡ್ಡಾಯ ಇಲ್ಲ. ಆ ಮೈದಾನದಲ್ಲಿ ಲೆಕ್ಕ ಇಟ್ಟವನು ನಾನೊಬ್ಬನೇ, ನಿಲ್ಲಿಸಬೇಕಾದವನೂ ನಾನೇ.

ಹಾಗಾಗಿ ಮೊನ್ನೆ ನೀನು ಹೇಳಿದ್ದು ನಿಜ. ಬಾಯಿಬಿಟ್ಟು ಹೇಳಿದರೂ ಏನೂ ಬದಲಾಗಲ್ಲ ಅಂತ ನಾನೇ ಕಲಿಸಿದ್ದು. ಅವತ್ತಿಂದ ನೀನು ನನ್ನ ಹತ್ತಿರ ಒಂದು ಸಲವೂ 'ನೋವು' ಅಂದಿಲ್ಲ. ಗುಣವಾಯಿತು ಅಂತ ನಾನು ಖುಷಿಪಡುತ್ತಿದ್ದೆ. ತಪ್ಪಾಯಿತು ಪುಟ್ಟಿ. ನನ್ನನ್ನು ಕ್ಷಮಿಸು.

ಈಗ ಬುದ್ಧಿ ಹೇಳುತ್ತೇನೆ ಅಂತ ಕಣ್ಣು ತಿರುಗಿಸಬೇಡ, ಇದಿಷ್ಟು ಓದು. ಆ ಮಾತ್ರೆ ನುಂಗಿ ಆಡಿದರೆ ನೋವು ಗೊತ್ತಾಗಲ್ಲ, ಒಳಗೆ ಪೆಟ್ಟು ಬೀಳುತ್ತಲೇ ಇರುತ್ತದೆ. ದಿನಾ ತೆಗೆದುಕೊಂಡರೆ ಹೊಟ್ಟೆಗೆ ಕೆಟ್ಟದ್ದು, ಬಿಸಿಲಲ್ಲಿ ನೀರು ಸಾಲದೇ ಇದ್ದಾಗ ಕಿಡ್ನಿಗೂ ಕೆಟ್ಟದ್ದು. ಹೋದ ಕೂಡಲೇ ಗಾಯ ನೋಡಿಕೊಳ್ಳುವ ಟ್ರೈನರ್‌ಗೆ ಎಲ್ಲ ಹೇಳು, ಮಂಟೀಕಾದಿಂದ ಶುರುಮಾಡಿ ಹೇಳು. ಗಾಯ ಆದವರು ಯಾವಾಗ ಆಡಬೇಕು ಅನ್ನುವುದರಲ್ಲಿ ಕೊನೇ ಮಾತು ಟ್ರೈನರ್ ಮತ್ತು ಡಾಕ್ಟರದ್ದು, ಕೋಚ್‌ದಲ್ಲ, ಕಾಲೇಜು ಆಟಗಳನ್ನು ನಡೆಸುವ ಎನ್‌ಸಿಎಎ ನಿಯಮವೇ ಹಾಗಿದೆ. ಸೀಸನ್‌ನಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಮಾಡಿಸುವ ಹಾಗಿಲ್ಲ, ವಾರಕ್ಕೊಂದು ದಿನ ರಜೆ ಕೊಡಲೇಬೇಕು. ಆದರೆ ಪಂದ್ಯದ ದಿನ ಎಷ್ಟು ಹೊತ್ತು ಆಡಿದರೂ ಮೂರೇ ಗಂಟೆ ಅಂತ ಲೆಕ್ಕ ಹಾಕುತ್ತಾರೆ, ಪ್ರಯಾಣ ಲೆಕ್ಕಕ್ಕೇ ಇಲ್ಲ. ಫೆಬ್ರವರಿಯಲ್ಲಿ ಒಹಾಯೋದಲ್ಲಿ ಹಿಮ ಇರುತ್ತದೆ, ಮೊದಲ ಕೆಲವು ವಾರ ನೀವು ಆಡುವುದೆಲ್ಲ ದಕ್ಷಿಣದ ಕಡೆ, ಗುರುವಾರ ಹೊರಟು ಭಾನುವಾರ ರಾತ್ರಿ ಬರುವುದು, ಸೋಮವಾರ ಬೆಳಿಗ್ಗೆ ಕೆಮಿಸ್ಟ್ರಿ ಲ್ಯಾಬ್. ನಿನ್ನ ಲೆಕ್ಕ ನೀನೇ ಇಡಬೇಕು. ಅಲ್ಲಿ ಕನ್ನಡದಲ್ಲಿ ಹೇಳಿದರೆ ಯಾರಿಗೂ ಅರ್ಥವಾಗಲ್ಲ, ಇಂಗ್ಲಿಷಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳು.

ಸ್ಕಾಲರ್‌ಶಿಪ್ ಬಗ್ಗೆ ಭಯ ಇಟ್ಟುಕೊಳ್ಳಬೇಡ. ಅದು ಹೇಗಿದ್ದರೂ ಫೀಸಿನ ಅರ್ಧಕ್ಕೂ ಬರುವುದಿಲ್ಲ. ಉಳಿದದ್ದು ನಾವು ಹೊಂದಿಸಿದ್ದೇವೆ, ಅದು ಹೋದರೂ ಹೊಂದಿಸುತ್ತೇವೆ. ನೀನು ನಾಳೆಯೇ ಆಟ ಬಿಟ್ಟೆ ಅಂದರೂ ನಾನು ಒಂದು ಮಾತು ಕೇಳಲ್ಲ. ಕೇಳಬೇಕು ಅನ್ನಿಸುತ್ತದೆ, ಕೇಳಲ್ಲ.

ಹೆಮ್ಮೆ ಇಲ್ಲ ಅಂತ ಮಾತ್ರ ಅಂದುಕೋಬೇಡ. ದಾವಣಗೆರೆ ಅಜ್ಜಿ ನಿನ್ನೆ ಫೋನಲ್ಲಿ ಮತ್ತೆ ಕೇಳಿದರು, 'ಚೆಂಡು ಎಸೆದಿದ್ದಕ್ಕೇ ಕಾಲೇಜಿಗೆ ಸೇರಿಸ್ಕೊಂಡ್ರಾ?' ಅಂತ. ಹೌದಮ್ಮ, ಗಂಟೆಗೆ 62 ಮೈಲಿ ವೇಗದಲ್ಲಿ ಎಸೆಯುತ್ತಾಳೆ, ಎದುರಿಗಿರುವವಳಿಗೆ ಬ್ಯಾಟ್ ಬೀಸಲು ಅರ್ಧ ಸೆಕೆಂಡೂ ಸಿಗಲ್ಲ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಿನ್ನ ಅಕ್ಕನೂ ಹಂಗೇ ಇದ್ಲು' ಅಂದರು. ನಿನ್ನ ಅತ್ತೆ ಖೋಖೋದಲ್ಲಿ ಜಿಲ್ಲಾ ಮಟ್ಟಕ್ಕೆ ಹೋದವಳು. ಎಸ್ಸೆಸ್ಸೆಲ್ಸಿ ಆದಮೇಲೆ ಯಾರೂ ಆಡಬೇಡ ಅನ್ನಲಿಲ್ಲ, ಆಡು ಅಂತಲೂ ಅನ್ನಲಿಲ್ಲ, ಹಾಗೇ ನಿಂತುಹೋಯಿತು. ಇಲ್ಲಿ 1972ರಲ್ಲಿ ಒಂದು ಕಾನೂನು ಬಂದು ಹುಡುಗಿಯರ ಆಟಕ್ಕೂ ಕಾಲೇಜುಗಳು ಜಾಗ ಕೊಡಲೇಬೇಕಾಯಿತು, ಅದರಿಂದ ನಿನಗೆ ಈ ಸೀಟು. ಅತ್ತೆ ನಿನ್ನ ಸಮವಸ್ತ್ರದ ಫೋಟೋವನ್ನು ವಾಟ್ಸಾಪ್ ಡಿಪಿ ಮಾಡಿಕೊಂಡಿದ್ದಾಳೆ. ಬಹುಶಃ ನಾನು ನಿನ್ನನ್ನು ನಿಲ್ಲಿಸದೇ ಇದ್ದದ್ದರಲ್ಲಿ ಅವಳ ಆಟ ನಿಂತದ್ದೂ ಸ್ವಲ್ಪ ಇದೆ. ನೆಪ ಹೇಳುತ್ತಿಲ್ಲ. ಬರೆಯುತ್ತಾ ಹೊಳೆಯಿತು ಅಷ್ಟೇ.

ಮಾತ್ರೆ ಡಬ್ಬಿ ಮುಟ್ಟಿಲ್ಲ, ಅದೇ ಜೇಬಿನಲ್ಲಿ ವಾಪಸ್ ಇಟ್ಟಿದ್ದೇನೆ. ಏನು ಮಾಡಬೇಕೋ ನೀನೇ ನೋಡು. ಕ್ಲಿಕ್ಕರ್ ಕೂಡ ಅದರ ಪಕ್ಕದಲ್ಲೇ ಇದೆ, ಸೊನ್ನೆಗೆ ತಿರುಗಿಸಿದ್ದೇನೆ. ಚಟ್ನಿಪುಡಿ ನೀಲಿ ಮುಚ್ಚಳದ ಡಬ್ಬಿಯಲ್ಲಿ, ಸೂಟ್‌ಕೇಸಿನ ಎಡಗಡೆ.

ನಾನು ಕೂತು ಕ್ಯಾಚ್ ಹಿಡಿಯುತ್ತಿದ್ದ ಬಕೆಟ್ ಗ್ಯಾರೇಜಿನಲ್ಲೇ ಇರುತ್ತದೆ. ಥ್ಯಾಂಕ್ಸ್‌ಗಿವಿಂಗ್‌ಗೆ ಬಂದಾಗ ಎಸೆಯಬೇಕು ಅನ್ನಿಸಿದರೆ ಕರಿ, ಬರುತ್ತೇನೆ. ಅನ್ನಿಸದಿದ್ದರೆ ಮಧ್ಯಾಹ್ನದವರೆಗೂ ಮಲಗು, ಯಾರೂ ಎಬ್ಬಿಸಲ್ಲ.

ನಿನ್ನ
ಅಪ್ಪ