ಬೆನ್ನುನೀರಿನ ಪರೀಕ್ಷೆಗೆ ಬೆಳಗಾಗಬೇಕೆ?

ಮಾನ್ಯ ಸಂಪಾದಕರೇ,

ಬ್ಯಾಕ್ಟೀರಿಯಾದಿಂದ ಬರುವ ಮಿದುಳು ಪೊರೆಯ ಉರಿಯೂತ (ಮೆನಿಂಜೈಟಿಸ್) ಗಂಟೆಗಳ ಲೆಕ್ಕದಲ್ಲಿ ಜೀವ ತೆಗೆಯುವ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಇದು ತಗುಲಿದ 6 ಮಂದಿಯಲ್ಲಿ ಒಬ್ಬರು ಸಾಯುತ್ತಾರೆ. 5ರಲ್ಲಿ ಒಬ್ಬರಿಗೆ ಕಿವುಡು, ಫಿಟ್ಸ್‌ನಂಥ ತೊಂದರೆ ಉಳಿದುಬಿಡುತ್ತದೆ. ಆದರೂ ಈ ರೋಗದ ಪತ್ತೆಗೆಂದು ರಾತ್ರಿ ಬೆನ್ನಿಗೆ ಸೂಜಿ ಹಾಕಿ ತೆಗೆದ ಬೆನ್ನುನೀರು (ಮಿದುಳು, ಬೆನ್ನುಹುರಿಯ ಸುತ್ತ ಇರುವ ದ್ರವ) ಬೆಳಿಗ್ಗೆ ಲ್ಯಾಬ್ ತೆರೆಯುವವರೆಗೆ ಫ್ರಿಜ್‌ನಲ್ಲಿ ಕೂತಿದ್ದನ್ನು ನಾನು ಕೆಲಸದಲ್ಲಿದ್ದಾಗ ಕಂಡಿದ್ದೇನೆ.

ಹಾಗೆ ಕಾಯಿಸಿದರೆ ಮಾದರಿಯೇ ಕೆಡುತ್ತದೆ. ಅದರಲ್ಲಿರುವ ಬಿಳಿ ರಕ್ತಕಣಗಳು ಒಂದೆರಡು ಗಂಟೆಯಲ್ಲೇ ಒಡೆಯತೊಡಗುತ್ತವೆ, ಎಣಿಕೆ ತಪ್ಪುತ್ತದೆ. ಈ ಕಾಯಿಲೆ ತರುವ ಬ್ಯಾಕ್ಟೀರಿಯಾಗಳಲ್ಲೊಂದಾದ ಮೆನಿಂಗೊಕಾಕಸ್‌ಗೆ ತಣ್ಣಗಿನ ಜಾಗ ಆಗುವುದಿಲ್ಲ, ಫ್ರಿಜ್‌ನಲ್ಲಿಟ್ಟರೆ ಕಲ್ಚರ್‌ನಲ್ಲಿ (ಲ್ಯಾಬ್‌ನಲ್ಲಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಬೆಳೆಯದೆ ಹೋಗಬಹುದು. ಕಣಗಳ ಎಣಿಕೆ, ಪ್ರೋಟೀನ್, ಅದೇ ಹೊತ್ತಿನಲ್ಲಿ ತೆಗೆದ ರಕ್ತದ ಸಕ್ಕರೆಯ ಜೊತೆ ಹೋಲಿಸಿದ ಬೆನ್ನುನೀರಿನ ಸಕ್ಕರೆ, ಬಣ್ಣ ಹಾಕಿ ಬ್ಯಾಕ್ಟೀರಿಯಾ ಗುರುತಿಸುವ ಗ್ರಾಂ ಸ್ಟೇನ್: ಇವಿಷ್ಟನ್ನೂ ಸುಮಾರು ಒಂದು ಗಂಟೆಯಲ್ಲಿ ಮಾಡಬಹುದು. ಸೂಕ್ಷ್ಮದರ್ಶಕದಲ್ಲಿ ನೇರಳೆ ಬಣ್ಣದ ಜೋಡಿ ಬ್ಯಾಕ್ಟೀರಿಯಾ ಕಾಣಿಸಿದರೆ ನ್ಯುಮೋಕಾಕಸ್ ಎಂಬ ಇನ್ನೊಂದು ರೋಗಾಣುವಿನ ಅನುಮಾನ, ಕೆಂಪು ಜೋಡಿಯಾದರೆ ಮೆನಿಂಗೊಕಾಕಸ್. ಕಲ್ಚರ್‌ಗಾದರೆ ಎರಡು ಮೂರು ದಿನ ಬೇಕು.

ರೋಗಾಣುವಿನ ಡಿಎನ್‌ಎ ತುಣುಕನ್ನು ಹಲವು ಪಟ್ಟು ಹೆಚ್ಚಿಸಿ ಪತ್ತೆಮಾಡುವ ಪಿಸಿಆರ್ ವಿಧಾನದ ಹೊಸ ಯಂತ್ರಗಳು ಬಂದಿವೆ. ಅಮೆರಿಕದಲ್ಲಿ 2015ರಲ್ಲಿ ಅನುಮತಿ ಪಡೆದ ಫಿಲ್ಮ್‌ಅರೇ ಪರೀಕ್ಷೆ ಸುಮಾರು ಒಂದು ಗಂಟೆಯಲ್ಲಿ 14 ರೋಗಾಣುಗಳನ್ನು ಹುಡುಕುತ್ತದೆ. ನಮ್ಮಲ್ಲಿ ಹೊರಗಡೆ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಹಾಕಿಸಿಕೊಂಡೇ ದೊಡ್ಡಾಸ್ಪತ್ರೆಗೆ ಬರುವವರು ಬಹಳ. ಆ ಔಷಧದಿಂದಾಗಿ ಕಲ್ಚರ್‌ನಲ್ಲಿ ಏನೂ ಬೆಳೆಯದ ಇಂಥವರಲ್ಲೂ ಪಿಸಿಆರ್ ರೋಗಾಣುವಿನ ಡಿಎನ್‌ಎ ಹಿಡಿಯಬಲ್ಲದು. ಆದರೆ ಯಾವ ಔಷಧಕ್ಕೆ ಅದು ಬಗ್ಗುತ್ತದೆಂದು ಪೂರ್ತಿ ತಿಳಿಯಲು ಕಲ್ಚರ್ ಬೇಕೇ ಬೇಕು. ಆ 14ರ ಪಟ್ಟಿಯಲ್ಲಿ ಕ್ಷಯ ಇಲ್ಲ ಎಂಬುದನ್ನೂ ನಮ್ಮ ವೈದ್ಯರು ಮರೆಯಬಾರದು. ಕ್ಷಯ ಪತ್ತೆಗೆಂದು ಬಂದ ಸಿಬಿನ್ಯಾಟ್ ಯಂತ್ರದಲ್ಲಿ ಬೆನ್ನುನೀರನ್ನೂ ಪರೀಕ್ಷಿಸಬಹುದು.

ಬೆನ್ನಿಗೆ ಸೂಜಿ ಹಾಕಿದರೆ ಸೊಂಟ ಬಿದ್ದುಹೋಗುತ್ತದೆಂದು ಹೆತ್ತವರು ಹೆದರಿ ಸಹಿ ಹಾಕುವುದಿಲ್ಲ. ಸೂಜಿ ಹೋಗುವುದು ಬೆನ್ನುಹುರಿ ಮುಗಿದ ಜಾಗದ ಕೆಳಗೆ. ಇದನ್ನು ಐದು ನಿಮಿಷ ಕೂತು ಬಿಡಿಸಿ ಹೇಳಿದರೆ ಎಷ್ಟೋ ಜನ ಒಪ್ಪುತ್ತಾರೆ.

ಆರೋಗ್ಯ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟು: ದುಬಾರಿ ಯಂತ್ರ ಬರುವ ತನಕ ಕಾಯದೆ, ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ರಾತ್ರಿ ಪಾಳಿಗೆ ಗ್ರಾಂ ಸ್ಟೇನ್ ನೋಡಬಲ್ಲ ತಂತ್ರಜ್ಞರೊಬ್ಬರನ್ನು ಕೊಡಿ. ಪಿಸಿಆರ್ ಸೌಲಭ್ಯವನ್ನು ಕಂದಾಯ ವಿಭಾಗಕ್ಕೊಂದರಂತೆ ಶುರುಮಾಡಿ, ಮಾದರಿ ಸಾಗಿಸಲು ವಾಹನದ ವ್ಯವಸ್ಥೆಯನ್ನೂ ಜೊತೆಗೇ ಮಾಡಿ. ವರದಿ ಬರಲಿ ಎಂದು ಆ್ಯಂಟಿಬಯೋಟಿಕ್ ತಡಮಾಡಕೂಡದೆಂಬ ಸೂಚನೆ ತುರ್ತು ಚಿಕಿತ್ಸಾ ಕೊಠಡಿಯ ಗೋಡೆಯ ಮೇಲಿರಲಿ.

– ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ, ಶಿವಮೊಗ್ಗ